ಸಕ್ಕರೆ ಹತ್ತಿಲ್ಲ

ನನ್ನ ತಂಗಿಯ ಮಗಳಿಗೆ ಮಧುರಾ ಎಂದು ಹೆಸರಿಟ್ಟವರು ಅವಳ ಅಜ್ಜ ನಾಗಪ್ಪನವರು. ತಲೆಮಾರುಗಳಿಂದ ಬೆಲ್ಲ ಮಾಡಿಕೊಂಡು ಬಂದ ಮನೆಯವರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ತೊಟ್ಟಿಲಿಗೆ ಹಾಕಿದ ದಿನ, ಕಿವಿಯಲ್ಲಿ ಹೆಸರು ಹೇಳುವ ಮೊದಲೇ ಅವಳ ಅಜ್ಜಿ ಗೌರಕ್ಕ ಕೂಸಿನ ತುಟಿಗೆ ಜೇನಿನಂತೆ ಜಾರುವ ಜೋನಿಬೆಲ್ಲ ಸವರಿದರು. ಕೂಸು ಮುಖ ಕಿವುಚಿ ಆ ಕಡೆ ತಿರುಗಿತು. ಎಲ್ಲರೂ ನಕ್ಕೆವು. ಜೋರಾಗಿ ನಕ್ಕವಳು ನಾನು.

ನಾನು ಮಹೇಶ್ವರಿ. ಶಿರಸಿಯಲ್ಲಿ ಅಪ್ಪನ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು ಹುಬ್ಬಳ್ಳಿಯ ಒಂದು ಲ್ಯಾಬಿಗೆ ಕೆಲಸ ಮಾಡುತ್ತೇನೆ. ಏನು ಕೆಲಸ ಎಂದು ಕೇಳಿದವರಿಗೆ ಹೇಳಿ ಹೇಳಿ ಸಾಕಾಗಿದೆ. ರಕ್ತದಲ್ಲಿ ಸಕ್ಕರೆ ನೋಡುತ್ತೇನೆ ಎಂದರೆ ಓಣಿಯವರು ತಟ್ಟನೆ ಬೆರಳು ಚಾಚುತ್ತಾರೆ. "ನಂದೂ ಒಂದೀಟು ನೋಡವಾ, ಊಟ ಆಗಿ ಭಾಳ ಹೊತ್ತಾತು." ಅದಲ್ಲ ಮಾರಾಯರೇ. ನಿಮ್ಮ ಸಕ್ಕರೆ ಕಾಯಿಲೆಗೂ ನನಗೂ ಸಂಬಂಧವಿಲ್ಲ.

ರಕ್ತದಲ್ಲಿ ತೇಲುವ ಪ್ರೋಟೀನುಗಳು ಬೋಳಾಗಿರುವುದಿಲ್ಲ. ಅವುಗಳ ಮೈಮೇಲೆ ಸಕ್ಕರೆಯ ಪುಟ್ಟ ಪುಟ್ಟ ಗಿಡಗಳಿರುತ್ತವೆ. ಕಬ್ಬಿಣ ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗೆ ಇಂಥ ಗಿಡ ಎರಡು. ಒಂದೊಂದಕ್ಕೂ ಕಾಂಡವಿದೆ, ಕವಲಿದೆ, ಕವಲಿನ ತುದಿಗೆ ಹೂವಿನ ಹಾಗೆ ಇನ್ನೊಂದು ಸಕ್ಕರೆಯಿದೆ. ನಮ್ಮ ಪರದೆಯ ಮೇಲೆ ಅವನ್ನು ಬಣ್ಣದ ಗುರುತುಗಳಲ್ಲಿ ಬರೆಯುತ್ತಾರೆ: ನೀಲಿ ಚೌಕ, ಹಸಿರು ಚುಕ್ಕಿ, ಹಳದಿ ಚುಕ್ಕಿ, ತುತ್ತತುದಿಗೆ ನೇರಳೆ ಹರಳು. ಚಳಿಗಾಲದ ಮುಂಜಾನೆ ಕಿಟಕಿಯ ಆಚೆ ಮಂಜು ಇನ್ನೂ ಕರಗದೆ ನಿಂತಿರುವಾಗ ಕಂಪ್ಯೂಟರ್ ತೆರೆದರೆ, ನಾನು ಏಳುವ ಮೊದಲೇ ಯಾರೋ ಬಂದು ರಂಗೋಲಿ ಹಾಕಿ ಹೋದಂತೆ ಕಾಣುತ್ತದೆ. ಎಷ್ಟೋ ಸಲ ಚಹಾ ಆರಿ ಹೋಗುವವರೆಗೂ ಸುಮ್ಮನೆ ನೋಡುತ್ತ ಕುಳಿತಿರುತ್ತೇನೆ. ನಮ್ಮೆಲ್ಲರ ಮೈಯೊಳಗೆ, ನಮಗೆ ಗೊತ್ತೇ ಇಲ್ಲದೆ, ಇಂಥದೊಂದು ತೋಪು ಹರಿದಾಡುತ್ತಿದೆ ಎಂದು ನೆನೆದರೆ ನನಗೆ ಈಗಲೂ ಮೈ ಹಗುರಾಗುತ್ತದೆ.

ಹುಬ್ಬಳ್ಳಿಯಲ್ಲಿರುವ ಯಂತ್ರ ಬೇರೇನೂ ಅಲ್ಲ, ಒಂದು ತಕ್ಕಡಿ. ಕಾರ್ಡಿನ ಮೇಲೆ ಒಣಗಿದ ರಕ್ತದ ಚುಕ್ಕಿಯಿಂದ ಪ್ರೋಟೀನು ಬಿಡಿಸಿಕೊಂಡು, ಅದನ್ನು ಆವಿಯ ಹಾಗೆ ಹಗುರು ಮಾಡಿ ಹಾರಿಸಿ, ಹಾರುತ್ತಿರುವಾಗಲೇ ತೂಗುತ್ತದೆ. ಎರಡು ಗಿಡವಿದ್ದರೆ ಇಷ್ಟು ತೂಕ, ಒಂದು ಉದುರಿದ್ದರೆ ಇಷ್ಟು ಕಡಿಮೆ, ಪೂರಾ ಬೋಳಾಗಿದ್ದರೆ ಇನ್ನೂ ಕಡಿಮೆ. ತೂಗಿದ ಮೇಲೆ ತೀರ್ಪು ಬರೆಯುವುದೂ ಅದೇ. ತೀರ್ಪು ಬರೆಯುವ ಪ್ರೋಗ್ರಾಮಿಗೆ ನಾನು ಶಾನುಭೋಗ ಎಂದು ಹೆಸರಿಟ್ಟಿದ್ದೇನೆ. ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಕಷ್ಟವನ್ನೂ ಕೇಳುವುದಿಲ್ಲ, ಬರೆದು ಮುಗಿಸುತ್ತದೆ. ಬೆಳಗ್ಗೆ ನಾನು ಅದು ಬರೆದದ್ದನ್ನು ಓದಿ 'ಸರಿ' ಒತ್ತಬೇಕು. "ಒತ್ತೂದೂ ಒಂದು ಕೆಲಸೇನು?" ಎಂದು ಅಪ್ಪ ಛೇಡಿಸುತ್ತಾರೆ. ಛೇಡಿಸಲಿ ಬಿಡಿ.

ತಂಗಿ ಸ್ಫೂರ್ತಿಯನ್ನು ಕೊಟ್ಟದ್ದು ಬನವಾಸಿ ದಾಟಿ, ವರದಾ ಹೊಳೆಯ ದಂಡೆಯ ಒಂದು ಹಳ್ಳಿಗೆ. ಗಂಡ ಗಿರೀಶ ಒಳ್ಳೆಯವನು, ಮಾತು ಕಡಿಮೆ. ಹಿತ್ತಲಿನಲ್ಲೇ ಆಲೆಮನೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಗಾಣ ತಿರುಗಿದ್ದೇ ತಿರುಗಿದ್ದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದದ್ದೇ ಕುದಿದದ್ದು. ಆ ಮನೆಯ ಬಾಗಿಲು, ಹಾಸಿಗೆ, ಜನರ ಕೂದಲು, ಎಲ್ಲಕ್ಕೂ ಬೆಲ್ಲದ ವಾಸನೆ.

ಮಧುರಾ ಬರೀ ಎದೆಹಾಲು ಕುಡಿಯುವಷ್ಟು ದಿನ ಚೆನ್ನಾಗಿಯೇ ಇದ್ದಳು. ಬಾಯಿಗೆ ಅನ್ನ ಮುಟ್ಟಿಸಿದ ಮೇಲೆ ಕೆಟ್ಟಿತು. ಉಂಡದ್ದನ್ನೆಲ್ಲ ಕಾರಿಕೊಳ್ಳುವಳು, ಮೈ ಬೆವರಿ ತಣ್ಣಗಾಗುವುದು, ಕೈಕಾಲು ಸೋತು ಬೀಳುವುವು. ಹೊಟ್ಟೆ ಮಾತ್ರ ದಪ್ಪ, ಉಳಿದ ಮೈಯೆಲ್ಲ ಕಡ್ಡಿ. ಶಿರಸಿಯ ಮಕ್ಕಳ ಡಾಕ್ಟರ್ ತನುಜಾ ಹತ್ತಿರ ತಂದರು. ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಜನ ಕೂಸುಗಳನ್ನೆತ್ತಿಕೊಂಡು ಬಂದು ಬಾಗಿಲಲ್ಲಿ ಕಾಯುವ ಡಾಕ್ಟರ್ ಅವರು. ಹೊಟ್ಟೆ ಒತ್ತಿ ನೋಡಿ, ಯಕೃತ್ತು ಊದಿದೆ ಎಂದರು. ಆಮೇಲೆ ಎಲ್ಲ ವಿಚಾರಿಸಿದರು. ಆ ದಿನ ನಾನೂ ಅಲ್ಲಿದ್ದೆ.

"ಸಕ್ಕರೆ, ಸಿಹಿತಿಂಡಿ ಎಂತಾದ್ರೂ ತಿನ್ನಿಸ್ತೀರಾ?" ಎಂದು ಕೇಳಿದರು.

ಗೌರಕ್ಕ ಸೆರಗು ಸರಿಮಾಡಿಕೊಂಡು, ತುಸು ಜಂಬದಿಂದಲೇ ಹೇಳಿದರು: "ಇಲ್ರಿ ಡಾಕ್ಟರ. ನಮ್ಮ ಮನ್ಯಾಗ ಸಕ್ಕರಿ ತರೂದೇ ಇಲ್ರಿ. ಚಹಾಕ್ಕ ಸುದ್ದಾ ಸಕ್ಕರಿ ಮುಟ್ಟಂಗಿಲ್ಲ ನಾವು."

ತನುಜಾ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಅಂದೇ ಕೂಸನ್ನು ಆಸ್ಪತ್ರೆಗೆ ಸೇರಿಸಿದರು. ನಮ್ಮ ಲ್ಯಾಬಿಗೂ ಒಂದು ರಕ್ತದ ಚುಕ್ಕಿ ಕಳಿಸೋಣ ಎಂದು ನಾನೇ ಒತ್ತಾಯ ಮಾಡಿದೆ.

ತೀರ್ಪು ಬಂದ ಮುಂಜಾನೆ ರಂಗೋಲಿ ನೋಡುವ ಆಸೆಯೇ ಹಾರಿಹೋಯಿತು. ಆರೋಗ್ಯವಂತ ಮಕ್ಕಳ ತೂಕದ ಗೆರೆಯಲ್ಲಿ ಎತ್ತರದ ಕೋಡು ಒಂದೇ ಇರುತ್ತದೆ, ಎರಡೂ ಗಿಡ ಹೊತ್ತ ಪ್ರೋಟೀನಿನದು. ಮಧುರಾಳ ಗೆರೆಯಲ್ಲಿ ಮೂರು ಕೋಡುಗಳಿದ್ದವು. ಎರಡು ಗಿಡದ್ದು ಕುಗ್ಗಿತ್ತು, ಒಂದೇ ಗಿಡದ್ದು ಅದರ ಸಮಕ್ಕೆ ಬಂದಿತ್ತು, ಬೋಳಾದದ್ದು ಪಕ್ಕದಲ್ಲಿ ತಲೆ ಎತ್ತಿತ್ತು. ಶಾನುಭೋಗ ಕೆಂಪಕ್ಷರದಲ್ಲಿ ಬರೆದಿತ್ತು: ಪ್ರೋಟೀನಿಗೆ ಸಕ್ಕರೆ ಜೋಡಿಸುವ ಕೆಲಸದಲ್ಲಿ ಹುಟ್ಟುದೋಷ, ಮೊದಲನೆಯ ಬಗೆ. ಈ ಬಗೆಯ ದೋಷಗಳಲ್ಲಿ ಹೆಚ್ಚಿನವಕ್ಕೆ ಮದ್ದಿಲ್ಲ. ಕೂಸು ಇರುವಷ್ಟು ದಿನ ಮುದ್ದು ಮಾಡುವುದು, ಅಷ್ಟೇ.

ಗಿರೀಶನಿಗೆ ಫೋನು ಮಾಡಿದೆ. ಅಳು ಬರಬಾರದೆಂದು ಪಾಠ ಹೇಳುವವಳ ಹಾಗೆ ಪುಸ್ತಕದ ಕನ್ನಡದಲ್ಲಿ ಹೇಳಿದೆ. ಪ್ರೋಟೀನು, ಸರಪಣಿ, ಜೋಡಣೆ ಅಂತೆಲ್ಲ. ಅವನು ಕೊನೆಯತನಕ ಕೇಳಿಸಿಕೊಂಡ. ಫೋನು ಇಡುವ ಮೊದಲೇ, ಪಕ್ಕದಲ್ಲಿದ್ದ ತಾಯಿಗೆ ಅವನು ಹೇಳಿದ್ದು ನನಗೂ ಕೇಳಿಸಿತು. "ಅವ್ವಾ, ಕೂಸಿಗೆ ಸಕ್ಕರಿ ಹತ್ತಿಲ್ಲಂತ." ನನ್ನ ಇಡೀ ಪಾಠ ಅಷ್ಟರಲ್ಲೇ ಬಂದುಬಿಟ್ಟಿತ್ತು, ಒಂದಕ್ಷರ ತಪ್ಪಿರಲಿಲ್ಲ. ಅಷ್ಟು ದುಃಖದಲ್ಲೂ ಭೇಷ್ ಅನ್ನಿಸಿತು ನನಗೆ.

ವಿಚಿತ್ರವೆಂದರೆ ಆಸ್ಪತ್ರೆಯಲ್ಲಿ ಕೂಸು ಗೆಲುವಾಯಿತು. ಮೊದಲು ಡ್ರಿಪ್ ಹಾಕಿದರು, ಆಮೇಲೆ ಎದೆಹಾಲು, ಉಪ್ಪು ಹಾಕಿದ ಗಂಜಿ. ಎರಡು ವಾರ ಕಳೆಯುವಷ್ಟರಲ್ಲಿ ಕಣ್ಣಲ್ಲಿ ಹೊಳಪು ಬಂತು, ನರ್ಸುಗಳ ಕೊರಳ ದಾರ ಹಿಡಿದು ಜಗ್ಗತೊಡಗಿತು. ಮನೆಗೆ ಕಳಿಸುವಾಗ ತನುಜಾ ಇನ್ನೊಂದು ರಕ್ತದ ಚುಕ್ಕಿ ತೆಗೆದು ಹುಬ್ಬಳ್ಳಿಗೆ ಕಳಿಸಿದರು.

ಆ ಎರಡನೆಯ ಚುಕ್ಕಿಯ ಗೆರೆ ಬಂದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಬೋಳಾದ ಕೋಡು ಇಲ್ಲವೆನ್ನುವಷ್ಟು ಸಣ್ಣದಾಗಿತ್ತು. ಎರಡು ಗಿಡದ ಕೋಡು ಮತ್ತೆ ಮೇಲೆದ್ದಿತ್ತು. ಕೆಳಗೆ ಶಾನುಭೋಗನ ಷರಾ: ಹಿಂದಿನ ಮಾದರಿಗೆ ಹೊಂದುತ್ತಿಲ್ಲ, ಮಾದರಿ ಅದಲುಬದಲಾಗಿರುವ ಶಂಕೆ, ಹೊಸದಾಗಿ ಕಳಿಸಿ.

ಅದು ಹೇಳುವುದೂ ನ್ಯಾಯವೇ. ಹುಟ್ಟಿನಿಂದ ಬಂದ ದೋಷ ನೆಗಡಿಯ ಹಾಗೆ ಬಿಟ್ಟುಹೋಗುವುದಿಲ್ಲ. ಅಂದ ಮೇಲೆ ಎರಡರಲ್ಲಿ ಒಂದು ರಕ್ತ ನಮ್ಮ ಕೂಸಿನದಲ್ಲ. ಮೊದಲನೆಯದು ಅವಳದಾದರೆ ಅವಳು ಉಳಿಯುವುದು ಕಷ್ಟ. ಎರಡನೆಯದು ಅವಳದಾದರೆ ಬೇರೆ ಯಾವುದೋ ತಾಯಿಯ ಕೂಸಿಗೆ ಆ ಕೆಂಪಕ್ಷರ. ನನಗೆ ಎರಡನೆಯದೇ ಬೇಕಾಗಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ? ಆದರೆ ಬೇಕು ಅನ್ನಿಸಿದ್ದನ್ನೇ ನಂಬಲು ನನ್ನ ಕೆಲಸದಲ್ಲಿ ಜಾಗವಿಲ್ಲ.

ಸ್ಫೂರ್ತಿ ಫೋನಿನಲ್ಲಿ ಒಂದೇ ಮಾತು ಕೇಳಿದಳು. "ಅಕ್ಕಾ, ನಮ್ಮ ಕೂಸಿನ ರಕ್ತ ಯಾವುದು?"

ಮನೆಗೆ ಹೋದ ಮೇಲೆ ಕೂಸು ಮತ್ತೆ ಕಾರಿಕೊಳ್ಳುತ್ತಿದೆ, ಮೊದಲಿಗಿಂತ ಜೋರಾಗಿದೆ ಎಂದೂ ಹೇಳಿದಳು. ಇನ್ನು ಕೊರಿಯರಿನವರ ಕೈಗೆ ಕೊಟ್ಟು ಕೂರುವ ತಾಳ್ಮೆ ನನಗೆ ಉಳಿಯಲಿಲ್ಲ. ತನುಜಾ ಹತ್ತಿರ ಹೊಸ ಕಾರ್ಡು ಇಸಿದುಕೊಂಡು ಬನವಾಸಿ ಬಸ್ಸು ಹತ್ತಿದೆ. ಹಿಮ್ಮಡಿ ಚುಚ್ಚಿ ಹನಿ ತೆಗೆಯುವುದು ನನಗೆ ಬರುತ್ತದೆ. ನನ್ನ ಕೈಯಾರೆ ತೆಗೆದು, ನನ್ನ ಕೈಯಾರೆ ಹುಬ್ಬಳ್ಳಿಗೆ ಒಯ್ದರೆ ಶಾನುಭೋಗ ಅದೇನು ಶಂಕೆ ಪಡುತ್ತದೋ ಪಡಲಿ.

ಬಸ್ಸಿನಲ್ಲಿ ಬಿಸಿಲು ಹದವಾಗಿ ಮುಖಕ್ಕೆ ಬೀಳುತ್ತಿತ್ತು. ಅನಾನಸು ಪಟ್ಟಿಗಳು, ಗದ್ದೆ, ಕಬ್ಬು, ಮತ್ತೆ ಅನಾನಸು. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ನಾನು ಒಂದು ತೋಪಿನಲ್ಲಿ ನಡೆಯುತ್ತಿದ್ದೆ. ಕಾಂಡಗಳೆಲ್ಲ ನೀಲಿ, ಕವಲುಗಳು ಹಸಿರು ಹಳದಿ, ತುದಿಯಲ್ಲಿ ನೇರಳೆ ಹರಳುಗಳು ಒಂದಕ್ಕೊಂದು ತಾಗಿ ಸಣ್ಣ ಸದ್ದು ಮಾಡುತ್ತಿದ್ದವು. ಎಲ್ಲಿಂದಲೋ ಸಿಹಿ ಹೊಗೆ ಬರುತ್ತಿತ್ತು. ಹೊಗೆ ತಾಗಿದ ಕಡೆಯೆಲ್ಲ ಹರಳು ಉದುರಿದವು, ಕವಲು ಉದುರಿದವು, ನೆಲಕ್ಕೆ ಬಿದ್ದು ಸದ್ದಿಲ್ಲದೆ ಕರಗಿದವು. ಬೋಳು ಬಯಲಿನ ನಡುವೆ ಮಧುರಾ ಕುಳಿತಿದ್ದಳು. ನನ್ನನ್ನು ನೋಡಿ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದಳು. ಬೇಡ, ಬೇಡ. ಏನು ಬೇಡವೇ ಕಂದಾ ಎಂದು ಕೇಳುವಷ್ಟರಲ್ಲಿ ಕಂಡಕ್ಟರ್ ಹೆಗಲು ಮುಟ್ಟಿ ಎಬ್ಬಿಸಿದ.

ಎಚ್ಚರಾದರೂ ಹೊಗೆ ಹೋಗಲಿಲ್ಲ. ಊರ ತುಂಬ ಅದೇ ವಾಸನೆ. ನಾಗಪ್ಪನವರ ಆಲೆಮನೆಯಲ್ಲಿ ಕೊಪ್ಪರಿಗೆ ಏರಿತ್ತು. ಅವರು ಉದ್ದ ಮರದ ಹುಟ್ಟು ಹಿಡಿದು ಪಾಕ ತಿರುವುತ್ತ, ಅಲ್ಲಿಂದಲೇ "ಬಾರವಾ" ಎಂದು ಕೂಗಿದರು. ಸ್ಫೂರ್ತಿ ಪದ್ಧತಿಯಂತೆ ತಟ್ಟೆಯಲ್ಲಿ ಬೆಲ್ಲದ ಚೂರು, ಚೊಂಬಿನಲ್ಲಿ ನೀರು ತಂದು ಮುಂದಿಟ್ಟಳು. ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅಂಥ ರುಚಿಯ ಬೆಲ್ಲ ಬೇರೆಲ್ಲೂ ಸಿಗುವುದಿಲ್ಲ, ಈಗಲೂ ಹೇಳುತ್ತೇನೆ.

ಗೌರಕ್ಕ ಪಡಸಾಲೆಯಲ್ಲಿ ಕಾಲು ಚಾಚಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಜೋನಿಬೆಲ್ಲದ ಬಟ್ಟಲು. ಬೆರಳು ಅದ್ದಿ ಕೂಸಿನ ಬಾಯಿಯ ಹತ್ತಿರ ತಂದರು. ಮಧುರಾ ತುಟಿ ಬಿಗಿಹಿಡಿದು, ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು.

ನನಗೆ ಬಸ್ಸಿನ ನಿದ್ದೆ ಇನ್ನೂ ಬಿಟ್ಟಿಲ್ಲವೇನೋ ಅನ್ನಿಸಿತು.

"ಬೆಲ್ಲದ ಮನಿ ಕೂಸು ಬೆಲ್ಲಾ ಒಲ್ಲೆ ಅಂತೈತಿ ನೋಡು ಮಹೇಶಿ," ಗೌರಕ್ಕ ನಕ್ಕರು. "ಯಾರ ಮುಂದ ಹೇಳೂದು ಇದನ್ನ?" ಕೂಸು ಅಳಲು ಬಾಯಿ ತೆರೆದದ್ದೇ ತಡ, ಬೆರಳು ಒಳಗೆ ಹೋಯಿತು. ಬಟ್ಟಲು ಖಾಲಿಯಾಗುವವರೆಗೂ ಹಾಗೆಯೇ ನಡೆಯಿತು. ಅಜ್ಜಿಯ ಮುಖದಲ್ಲಿ ಎಂಥ ಪ್ರೀತಿಯಿತ್ತು ಎಂದರೆ, ತಡೆಯಬೇಕೆಂಬ ಯೋಚನೆ ನನಗೆ ಹೊಳೆಯಲೇ ಇಲ್ಲ.

"ದಿನಾ ಇಷ್ಟು ಕೊಡ್ತೀರೇನು ಅತ್ತಿ?" ಸುಮ್ಮನೆ ಮಾತಿಗೆ ಕೇಳಿದೆ.

"ಮೊದಲ ಒಂದೀಟು ನೆಕ್ಕಸ್ತಿದ್ದೆ. ಈಗ ಮೂರೂ ಹೊತ್ತು ಬಟ್ಟಲಾ ತುಂಬ ಕೊಡ್ತೀನಿ. ನಿಮ್ಮ ಮಷೀನೇ ಹೇಳೇತಲ್ಲವಾ, ಕೂಸಿಗೆ ಸಕ್ಕರಿ ಹತ್ತಿಲ್ಲಂತ. ಪ್ಯಾಟಿ ಸಕ್ಕರಿ ಯಾಕ, ಮನ್ಯಾಗಿನ ಬೆಲ್ಲಾ ಐತಿ. ಹತ್ತೂ ಮಟ ಉಣಸ್ತೀನಿ."

ನಮ್ಮ ಕಡೆ ಉಂಡದ್ದು ಮೈಗೆ ಹತ್ತಬೇಕು. ತುಪ್ಪ ಹತ್ತುತ್ತದೆ, ಹಾಲು ಹತ್ತುತ್ತದೆ, ಕೆಲವರಿಗೆ ಏನು ತಿಂದರೂ ಹತ್ತುವುದಿಲ್ಲ. ಹತ್ತದ ಕೂಸಿಗೆ ಇನ್ನೆರಡು ತುತ್ತು ಹೆಚ್ಚು ಹಾಕುತ್ತಾರೆ. ಗಿರೀಶ ಹೇಳಿದ್ದು ಅಂಟಿಕೊಳ್ಳುವ ಹತ್ತು. ಗೌರಕ್ಕನಿಗೆ ಕೇಳಿಸಿದ್ದು ಮೈಗೆ ಹತ್ತುವ ಹತ್ತು. ನನಗೆ ಮೊದಲು ನಗು ಬಂತು. ಪಕ್ಕದಲ್ಲಿ ಕುಳಿತು ಹಿಮ್ಮಡಿ ಒರೆಸಿ, ಚುಚ್ಚಿ, ಕಾರ್ಡಿಗೆ ಹನಿ ಇಳಿಸಿಕೊಂಡೆ. ಕೂಸು ಹೆಚ್ಚು ಅಳಲೂ ಇಲ್ಲ.

ಅಳದಿದ್ದುದು ಸಮಾಧಾನದಿಂದಲ್ಲ. ಕಾರ್ಡು ಒಣಗುವಷ್ಟರಲ್ಲಿ ಅವಳ ಹಣೆಯ ಮೇಲೆ ಬೆವರು ಮೂಡಿತು. ಕೈ ಮುಟ್ಟಿದೆ, ತಣ್ಣಗಿತ್ತು. ಭುಸಕ್ಕೆಂದು ಎಲ್ಲ ಕಾರಿಕೊಂಡು, ಒದ್ದೆ ಬಟ್ಟೆಯಂತೆ ಅಜ್ಜಿಯ ತೋಳಿಗೆ ಜೋತುಬಿದ್ದಳು. ಸ್ಫೂರ್ತಿ ಓಡಿ ಬಂದು ಎತ್ತಿಕೊಂಡಳು. "ದಿನಾ ಹಿಂಗೇ ಅಕ್ಕಾ, ದಿನಾ ಹಿಂಗೇ," ಎಂದು ಅಳತೊಡಗಿದಳು.

ಆಗ ನನಗೆ ಹೊಳೆಯಿತು. ಇಲ್ಲ, ಹೊಳೆಯಿತು ಅನ್ನುವುದು ದೊಡ್ಡ ಮಾತು. ತೊಟ್ಟಿಲಿಗೆ ಹಾಕಿದ ದಿನದಿಂದ ಕೂಸು ಹೇಳುತ್ತಿದ್ದುದು ಈಗ ಕಿವಿಗೆ ಬಿತ್ತು.

"ಅತ್ತಿ, ಆಸ್ಪತ್ರ್ಯಾಗ ಇದ್ದಾಗ ಬೆಲ್ಲಾ ಕೊಟ್ಟಿದ್ರೇನು?"

"ಎಲ್ಲೀದವಾ!" ಅವರು ಸಿಡುಕಿದರು. "ಡಬ್ಬಿ ಒಯ್ದಿದ್ದೆ. ಆ ನರ್ಸಬಾಯಿ ಇರಿವಿ ಆಗ್ತಾವು ಅಂತ ಕಸಗೊಂಡು ಮನಿಗೆ ಕಳಿಸಿದ್ಲು. ಬರೇ ಉಪ್ಪಿನ ಗಂಜಿ ಕುಡಿಸಿ ಕೂಸನ್ನ ಸೊರಗಿಸಿಬಿಟ್ರು."

ಸೊರಗಿಸಿರಲಿಲ್ಲ. ಎರಡೂ ರಕ್ತ ಈ ಕೂಸಿನದೇ. ಒಂದು ಬೆಲ್ಲ ತಿಂದ ಮಧುರಾಳದು, ಇನ್ನೊಂದು ಬೆಲ್ಲ ಬಿಟ್ಟ ಮಧುರಾಳದು.

ಕಲಿಯುವಾಗ ಓದಿದ್ದೆ. ಬೆಲ್ಲ, ಸಕ್ಕರೆ, ಜೇನು, ಹಣ್ಣುಗಳಲ್ಲಿರುವ ಹಣ್ಣಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳು ಎಲ್ಲೋ ಒಬ್ಬೊಬ್ಬರು ಇರುತ್ತಾರೆ. ಆ ಸಕ್ಕರೆ ಅವರ ಯಕೃತ್ತಿನಲ್ಲಿ ಅರ್ಧ ಅರಗಿ ಕುಳಿತು, ಪ್ರೋಟೀನಿಗೆ ಗಿಡ ಕಟ್ಟುವ ಕೆಲಸಕ್ಕೇ ಅಡ್ಡ ಹಾಕುತ್ತದೆ. ತಕ್ಕಡಿಯ ಮೇಲೆ ಅದು ಮದ್ದಿಲ್ಲದ ಹುಟ್ಟುದೋಷದ ಹಾಗೆಯೇ ಕಾಣುತ್ತದೆ. ಆದರೆ ಅದಲ್ಲ. ಬಾಯಿಗೆ ಹಾಕುವುದನ್ನು ನಿಲ್ಲಿಸಿದರೆ ಗಿಡಗಳು ಮತ್ತೆ ಬೆಳೆಯುತ್ತವೆ. ಯಂತ್ರ ಎರಡು ಸಲವೂ ಸರಿಯಾಗಿಯೇ ತೂಗಿತ್ತು. ಈ ಪಡಸಾಲೆಯ ಬಟ್ಟಲು ಅದಕ್ಕೆ ಕಾಣುವಂತಿರಲಿಲ್ಲ.

ತನುಜಾಗೆ ಫೋನು ಮಾಡಿದೆ.

"ಎಂತ ಹೇಳ್ತಿ ಮಾರಾಯ್ತಿ? ಬೆಲ್ಲವಾ? ಸಕ್ಕರೆ ಮುಟ್ಟೋದೇ ಇಲ್ಲ ಅಂದಿದ್ರಲ್ಲ ಆ ಅಜ್ಜಿ!"

"ಸಕ್ಕರಿ ಮುಟ್ಟಂಗಿಲ್ರಿ ಖರೇನೇ. ಬೆಲ್ಲಾ ಅಂದ್ರ ಇವರ ಲೆಕ್ಕದಾಗ ಸಕ್ಕರಿ ಅಲ್ಲ, ಸಿಹಿನೂ ಅಲ್ಲ. ಉಪ್ಪು ನೀರು ಇದ್ದಂಗ."

"ಈಗ್ಲೇ ಕರ್ಕಂಡು ಬನ್ನಿ," ಎಂದರು ತನುಜಾ. "ದಾರಿಯಲ್ಲಿ ಎದೆಹಾಲು ಬಿಟ್ಟು ಎಂತದೂ ಬಾಯಿಗೆ ಹಾಕ್ಬೇಡಿ. ನಾನು ಕೊಟ್ಟ ಸಿರಪ್ಪೂ ಬೇಡ, ಅದೂ ಸಿಹೀನೇ."

ಬೆಲ್ಲದ ಡಬ್ಬಗಳನ್ನು ಪೇಟೆಗೆ ಒಯ್ಯುವ ಟೆಂಪೋ ಗಾಡಿ ಅಂಗಳದಲ್ಲೇ ನಿಂತಿತ್ತು. ಗಿರೀಶ ಅದನ್ನೇ ತಿರುಗಿಸಿದ. ನಾನೂ ಸ್ಫೂರ್ತಿಯೂ ಕೂಸಿನೊಂದಿಗೆ ಮುಂದೆ ಕುಳಿತೆವು. ಹತ್ತುವ ಗಡಿಬಿಡಿಯಲ್ಲಿ ನಾನು ಗೌರಕ್ಕನಿಗೆ ಬಿರುಸಾಗಿಯೇ ಹೇಳಿಬಿಟ್ಟಿದ್ದೆ: ಬೆಲ್ಲದಿಂದಲೇ ಹೀಗಾಗಿದೆ, ಇನ್ನು ಒಂದು ಹನಿಯೂ ಮುಟ್ಟಿಸಬೇಡಿ ಎಂದು. ಮುಂದೆ ಜಾಗವಿದ್ದರೂ ಅವರು ಹತ್ತಿರ ಬರಲಿಲ್ಲ.

"ಬರ್ರಿ ಅತ್ತಿ," ಸ್ಫೂರ್ತಿ ಕರೆದಳು.

"ನಾ ಹಿಂದ ಕುಂದರ್ತೀನಿ. ನನ್ನ ಕೈಗೆಲ್ಲಾ ಬೆಲ್ಲಾ ಐತಿ."

ಶಿರಸಿಯವರೆಗೂ ಅವರು ಗಾಡಿಯ ಹಿಂಭಾಗದಲ್ಲಿ, ಖಾಲಿ ಡಬ್ಬಗಳ ನಡುವೆ, ಎರಡೂ ಅಂಗೈಗಳನ್ನು ಮೈಯಿಂದ ದೂರ ಹಿಡಿದುಕೊಂಡೇ ಕುಳಿತಿದ್ದರು. ಹಿಂದಿನ ಗಾಜಿನಲ್ಲಿ ನನಗೆ ಅವರು ಕಾಣುತ್ತ ಇದ್ದರು. ಸಂಜೆಯ ಬಿಸಿಲು, ಓಡುವ ಗದ್ದೆಗಳು, ಗಾಳಿಗೆ ಹಾರುವ ನರೆಗೂದಲು. ಅವರಿಗೆ ಇನ್ನೂ ಎಷ್ಟೋ ಬೈಗುಳ ಬಾಕಿ ಇಟ್ಟುಕೊಂಡಿದ್ದೆ. ಆ ಅಂಗೈಗಳನ್ನು ನೋಡುತ್ತ ನೋಡುತ್ತ ಒಂದೂ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿದ ಮೇಲೆ ಕೂಸು ಕಣ್ಣು ಬಿಟ್ಟಿತು; ಆ ಸಕ್ಕರೆ ಅವಳಿಗೆ ಬಾಧಿಸುವುದಲ್ಲ. ಗೌರಕ್ಕ ವಾರ್ಡಿನ ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಲೇ ಇದ್ದರು. ನಾನು ಹೋಗಿ ನಲ್ಲಿ ನಿಲ್ಲಿಸಿದೆ.

"ಮಹೇಶಿ, ಖರೇ ಹೇಳವಾ. ನಾ ಕೂಸಿಗೆ ವಿಷಾ ಉಣಿಸಿದ್ನೇನು?"

"ಇಲ್ಲ ಅತ್ತಿ. ಬೆಲ್ಲಾನೇ ಉಣಿಸೀರಿ. ಅದು ಹಿಂಗ ಆಗ್ತೈತಂತ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

"ಕೂಸಿಗೆ ಗೊತ್ತಿತ್ತು," ಎಂದರು. "ದಿನಾ ಮಾರಿ ತಿರುವಿ ಹೇಳ್ತಿತ್ತು. ನಾ ಕೇಳಲಿಲ್ಲ."

ಅವರ ಒದ್ದೆ ಕೈಗಳನ್ನು ನನ್ನ ಸೆರಗಿನಲ್ಲಿ ಒರೆಸಿದೆ.

ಪಡಸಾಲೆಯಲ್ಲಿ ನಾನು ತೆಗೆದ ಚುಕ್ಕಿಯಲ್ಲಿ ಬೋಳು ಕೋಡು ಮತ್ತೆ ಎದ್ದಿತ್ತು; ಬೇರೆ ಊರಿಗೆ ಕಳಿಸಿದ ಜೀನ್ ಪರೀಕ್ಷೆಯೂ ನಮ್ಮ ಅನುಮಾನವನ್ನೇ ಖಾತ್ರಿ ಮಾಡಿತು. ಮಧುರಾ ಜೀವಮಾನವಿಡೀ ಬೆಲ್ಲ, ಸಕ್ಕರೆ, ಹಣ್ಣು ದೂರವಿಡಬೇಕು. ದೂರವಿಟ್ಟರೆ ಎಲ್ಲ ಮಕ್ಕಳಂತೆಯೇ ಬೆಳೆಯಬಹುದು, ಆದರೆ ಮೊದಲು ಆ ಊದಿದ ಯಕೃತ್ತು ಇಳಿಯಬೇಕು, ಉದುರಿದ ಗಿಡಗಳು ಮತ್ತೆ ಬರಬೇಕು ಎಂದರು ತನುಜಾ. ಕಾಯುವುದು ಶುರುವಾಯಿತು.

ಆ ಮನೆಯಲ್ಲಿ ಗಾಣ ನಿಲ್ಲಲಿಲ್ಲ, ಹೊಟ್ಟೆಪಾಡು ಅದೇ ತಾನೇ. ಆದರೆ ಗೌರಕ್ಕ ಆಲೆಮನೆಯ ಕಡೆ ಹೆಜ್ಜೆ ಹಾಕುವುದನ್ನು ಬಿಟ್ಟರು. ಅಲ್ಲಿಂದ ಬಂದವರು ಕೈಕಾಲು ತೊಳೆದು, ಅಂಗಿ ಬದಲಿಸಿಯೇ ಕೂಸನ್ನು ಮುಟ್ಟಬೇಕು. ನಾಗಪ್ಪನವರಿಗೂ ಅದೇ ಕಟ್ಟಳೆ. ಪಡಸಾಲೆಗೆ ಬೆಲ್ಲ ಬರುವಂತಿಲ್ಲ. ಬಂದ ಬೀಗರಿಗೆ ಬೆಲ್ಲ ನೀರಿನ ಬದಲು ಮಜ್ಜಿಗೆ. ಬೆಲ್ಲ ಮಾಡುವ ಮನೆಯಲ್ಲಿ ಒಂದು ಚೂರು ಬೆಲ್ಲವನ್ನೂ ಕೈಗಿಡಲಿಲ್ಲ ಎಂದು ಬೀಗರ ಪೈಕಿ ಕೆಲವರು ಮುಖ ದಪ್ಪ ಮಾಡಿಕೊಂಡು ಹೋದರಂತೆ. "ಹೋಗ್ಲಿ ಬಿಡ್ರಿ," ಎಂದರಂತೆ ಗೌರಕ್ಕ.

ಮಂಜು ಕಡಿಮೆಯಾಗಿ, ಬೆಳಗಿನ ಬಿಸಿಲು ಬೇಗ ಬರತೊಡಗಿದ ಒಂದು ದಿನ ಕೊನೆಯ ಚುಕ್ಕಿಯ ಗೆರೆ ಬಂತು. ಕಂಪ್ಯೂಟರ್ ತೆರೆಯುವ ಮೊದಲು ಮುಖ ತೊಳೆದು, ದೇವರಿಗೆ ಕೈಮುಗಿದು ಬಂದೆ. ನಗಬೇಡಿ. ತಕ್ಕಡಿಯನ್ನು ನಂಬುವವರಿಗೂ ಭಯವಿರುತ್ತದೆ.

ಒಂದೇ ಕೋಡು. ಎತ್ತರ, ಒಂಟಿ, ನೆಟ್ಟಗೆ. ಎರಡೂ ಗಿಡಗಳು ಕಾಂಡ ಕವಲು ಸಮೇತ, ತುದಿಗೆ ನೇರಳೆ ಹರಳು ಸಮೇತ ನಿಂತಿದ್ದವು. ಕೆಳಗೆ ಶಾನುಭೋಗನದು ಅದೇ ಹಳೆಯ ರಾಗ: ಮೊದಲ ಮಾದರಿಗೆ ಹೊಂದುತ್ತಿಲ್ಲ, ಅದಲುಬದಲಾಗಿರುವ ಶಂಕೆ. ನಾನು 'ಸರಿ' ಒತ್ತಲಿಲ್ಲ. ಷರಾ ಬರೆಯುವ ಜಾಗದಲ್ಲಿ ಕನ್ನಡದಲ್ಲೇ ಬರೆದೆ: ಅದೇ ಕೂಸು.

ಫೋನನ್ನು ಗೌರಕ್ಕನೇ ಎತ್ತಿದರು. ಹಿಂದೆ ಗಾಣದ ಸದ್ದು, ಅದರ ಮೇಲೆ ಕೂಸಿನ ಕೇಕೆ.

"ಹತ್ತೇತಿ ಅತ್ತಿ," ಎಂದೆ. "ಸಕ್ಕರಿ ಹತ್ತೇತಿ. ಪೂರಾ ಹತ್ತೇತಿ."

ಸಂತೋಷದ ಕೂಗಿಗೆ ಕಾದೆ. ಬಂದದ್ದು ಗಾಬರಿಯ ದನಿ.

"ಎಲ್ಲಿಂದ ಹತ್ತಿತವಾ? ನಾ ಒಂದು ಹನಿ ಸುದ್ದಾ ಮುಟ್ಟಿಸಿಲ್ಲ! ಕೂಸಿನ ಮ್ಯಾಲೆ ಆಣಿ ಮಾಡ್ತೀನಿ, ಬೇಕಾದ್ರ ಸ್ಫೂರ್ತಿನ್ನ ಕೇಳು. ಯಾರರ ಕದ್ದು ಕೊಟ್ರೇನು ಮತ್ತ?"

ನಾನು ನಗಲು ಹೋಗಿ ಅತ್ತುಬಿಟ್ಟೆ.

"ಯಾರೂ ಕೊಟ್ಟಿಲ್ಲ ಅತ್ತಿ. ಈ ಸಕ್ಕರಿ ಹೊರಗಿಂದ ಕೊಡೂದಲ್ಲ. ಕುಡಿದ ಹಾಲು ಗಂಜಿಯಾಗಿಂದ ಕೂಸಿನ ಮೈ ತಾನೇ ಮಾಡ್ಕೊಂತೈತಿ."

"ತಾನೇ?"

"ಹೂಂ ಅತ್ತಿ, ತಾನೇ."

ಕೂಸಿನ ಕೇಕೆ ಫೋನಿಗೆ ಹತ್ತಿರವಾಯಿತು; ಅಜ್ಜಿ ಅವಳನ್ನು ಎತ್ತಿಕೊಂಡಿರಬೇಕು.

"ಹಂಗಾರ ಕೂಸಿನ ಮೈಯಾಗೇ ಒಂದು ಆಲೆಮನಿ ಐತನ್ನು," ಎಂದರು ಗೌರಕ್ಕ ಮೆಲ್ಲಗೆ. "ಅದಕ್ಕೇ ನಮ್ಮದು ಒಲ್ಲೆ ಅಂತಿತ್ತು."